ಸ್ಕ್ಯಾನಿಂಗ್ ವರದಿಯನ್ನು ಕಪಾಟಿನಲ್ಲಿಡಬೇಡಿ

ಹೊಟ್ಟೆನೋವಿಗೋ ಪಿತ್ತಕೋಶದ ಕಲ್ಲಿಗೋ ಸ್ಕ್ಯಾನಿಂಗ್ ಮಾಡಿಸಿದ ಅನೇಕರ ವರದಿಯಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 1’ ಎಂದಿರುತ್ತದೆ. ಕೆಲವರು ಓದಿ ಕಂಗಾಲಾಗುತ್ತಾರೆ. ಕೆಲವರು ಮಡಚಿ ಕಪಾಟಿನಲ್ಲಿಡುತ್ತಾರೆ. ಎರಡೂ ಸರಿಯಲ್ಲ.

ಅಲ್ಟ್ರಾಸೌಂಡ್ ಎಂದರೆ ಕಿವಿಗೆ ಕೇಳಿಸದ ಶಬ್ದದ ಅಲೆಗಳು. ಕೊಬ್ಬು ತುಂಬಿದ ಪಿತ್ತಜನಕಾಂಗವು ಇವನ್ನು ಹೆಚ್ಚಾಗಿ ಪ್ರತಿಫಲಿಸುವುದರಿಂದ ಪರದೆಯಲ್ಲಿ ಪಕ್ಕದ ಮೂತ್ರಪಿಂಡಕ್ಕಿಂತ ಬೆಳ್ಳಗೆ ಕಾಣುತ್ತದೆ. ಸೂಜಿಯಿಲ್ಲ, ನೋವಿಲ್ಲ, ವಿಕಿರಣವಿಲ್ಲ. ಆದರೆ ಕೊಬ್ಬು ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ಅದು ಕಣ್ತಪ್ಪಬಹುದು. ಇನ್ನೂ ಮುಖ್ಯವಾದ ಮಾತು: ಗ್ರೇಡ್ ಕೊಬ್ಬಿನ ಪ್ರಮಾಣವನ್ನು ಮಾತ್ರ ಹೇಳುತ್ತದೆ. ನಿಜವಾದ ಅಪಾಯವಿರುವುದು ಲಿವರ್ ನಾರುಗಟ್ಟುವುದರಲ್ಲಿ. ಆರಂಭದಲ್ಲಿ ಅದು ಸಾಮಾನ್ಯ ಸ್ಕ್ಯಾನಿಂಗ್‌ಗೆ ಕಾಣಿಸದು.

ಆದುದರಿಂದ ವರದಿ ಬಂದ ಮೇಲೆ ರಕ್ತಪರೀಕ್ಷೆ ಮಾಡಿಸಿರಿ. ಪ್ರಾಯ, ಎರಡು ಲಿವರ್ ಕಿಣ್ವಗಳು ಮತ್ತು ಪ್ಲೇಟ್‌ಲೆಟ್ ಸಂಖ್ಯೆಯಿಂದ ವೈದ್ಯರು ‘ಫಿಬ್-4’ ಎಂಬ ಲೆಕ್ಕ ಹಾಕುತ್ತಾರೆ. ಅದು 1.3ಕ್ಕಿಂತ ಕಡಿಮೆಯಿದ್ದರೆ, 65 ದಾಟಿದವರಲ್ಲಿ 2ಕ್ಕಿಂತ ಕಡಿಮೆಯಿದ್ದರೆ, ಲಿವರ್ ತೀವ್ರವಾಗಿ ನಾರುಗಟ್ಟಿರುವ ಸಂಭವ ಕಡಿಮೆ. ಹೆಚ್ಚಿದ್ದವರಿಗೆ ಲಿವರಿನ ಗಡಸುತನವನ್ನು ಅಳೆಯುವ ಫೈಬ್ರೋಸ್ಕ್ಯಾನ್ ಬೇಕಾದೀತು. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನು ನಾವೆಷ್ಟು ನಂಬಿದ್ದೇವೆಂದು ಕಾಸರಗೋಡಿನವರಿಗೆ ಚೆನ್ನಾಗಿ ಅರಿವಾಯಿತು. ಈ ಸುಲಭ ಲೆಕ್ಕವು ಯಾರು ದೂರ ಹೋಗಬೇಕು, ಯಾರಿಗೆ ಅಗತ್ಯವಿಲ್ಲ ಎಂಬುದನ್ನು ತಿಳಿಸುತ್ತದೆ. 2021ರಲ್ಲಿ ಕೇಂದ್ರ ಸರಕಾರವು ಈ ರೋಗವನ್ನು ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಧೈರ್ಯವಾಗಿ ವಿಚಾರಿಸಿರಿ.

ಧೈರ್ಯ ಏಕೆ ಬೇಕು? ಲಿವರ್ ಎಂದೊಡನೆ ‘ಕುಡಿತ’ ಎನ್ನುವ ನಾಲಗೆಗಳು ನಮ್ಮ ನಡುವೆ ಇವೆ. ಜೀವಮಾನದಲ್ಲಿ ಹನಿ ಮದ್ಯ ಮುಟ್ಟದ ತಾಯಂದಿರಿಗೂ ಸಕ್ಕರೆ ಕಾಯಿಲೆ, ಬೊಜ್ಜು ಇದ್ದರೆ ಇದು ಬರುತ್ತದೆ. ನಾಚಿಕೆಯಿಂದ ಬಚ್ಚಿಟ್ಟ ರೋಗ ಒಳಗೊಳಗೇ ಬೆಳೆಯುತ್ತದೆ. ನೆರೆಯವನ ವರದಿಗೆ ತೀರ್ಪು ಬರೆಯುವ ಅಧಿಕಾರ ನಮಗಾರಿಗೂ ಇಲ್ಲ. ಕುಡಿಯುವವರಾದರೋ ಇಂದೇ ನಿಲ್ಲಿಸುವುದು ಲೇಸು.

ಬೇಲಿಯ ಅಮೃತಬಳ್ಳಿಯನ್ನು ಕುದಿಸಿ ಕುಡಿಯುವವರಿಗೊಂದು ಕಿವಿಮಾತು. ಅದನ್ನು ಸೇವಿಸಿದವರಲ್ಲಿ ಲಿವರಿಗೆ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬಯಿಯ ವೈದ್ಯರು ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಿವಾದವಿರುವಾಗ ವೈದ್ಯರನ್ನು ಕೇಳದೆ ಕುಡಿಯದಿರುವುದೇ ಕ್ಷೇಮ.

ತೂಕ ಹೆಚ್ಚಿರುವವರಿಗೆ ಮೊದಲ ಮದ್ದು ತೂಕ ಇಳಿಸುವುದೇ. 80 ಕಿಲೋ ಇರುವವರು ನಿಧಾನವಾಗಿ 6ರಿಂದ 8 ಕಿಲೋ ಇಳಿಸಿದರೆ ಲಿವರ್ ಚೇತರಿಸಿಕೊಳ್ಳುತ್ತದೆ. ಅನ್ನದ ರಾಶಿ ತಗ್ಗಲಿ, ಸಿಹಿ ಪಾನೀಯ ದೂರವಿರಲಿ, ತೋಟಕ್ಕೆ ಬೈಕಿನ ಬದಲು ಕಾಲು ಹೋಗಲಿ.