ರೆಪ್ಪೆಯ ಊತಕ್ಕೆ ಸುರ್ಮಾ ಮದ್ದಲ್ಲ

ಸಹೋದರಿಯರೇ, ಮೇಲಿನ ರೆಪ್ಪೆಯಲ್ಲಿ ಕಿವಿಯ ಕಡೆಯ ಮೂಲೆ ಊದಿಕೊಂಡಿದೆ, ಹೆಚ್ಚು ನೋವಿಲ್ಲ, ರೆಪ್ಪೆ ಸ್ವಲ್ಪ ಇಳಿಬಿದ್ದಿದೆ, ಕಣ್ಣು ಒಣಗುತ್ತಿದೆ ಎಂದಿಟ್ಟುಕೊಳ್ಳಿ. ನಾವೇನು ಮಾಡುತ್ತೇವೆ? ನಿದ್ದೆ ಸಾಲದೆಂದು ಸುಮ್ಮನಿರುತ್ತೇವೆ. ಹೆಚ್ಚೆಂದರೆ ಸುರ್ಮಾ ಹಚ್ಚುತ್ತೇವೆ. ವಾರಗಟ್ಟಲೆ ಇಳಿಯದ ಊತವನ್ನು ಹಾಗೆ ಬಿಡಬಾರದು.

ಆ ಜಾಗದಲ್ಲಿ ಕಣ್ಣೀರಿನ ಗ್ರಂಥಿಯಿದೆ. ಸಾರ್ಕಾಯ್ಡೋಸಿಸ್ ಎಂಬ ಕಾಯಿಲೆ ಕಣ್ಣಿನ ಗೂಡಿಗೆ ಬಂದಾಗ ಹೆಚ್ಚಾಗಿ ಹಿಡಿಯುವುದು ಈ ಗ್ರಂಥಿಯನ್ನೇ. ಅದೂ 50 ದಾಟಿದ ಮಹಿಳೆಯರಲ್ಲಿ ಹೆಚ್ಚು. ದೇಹದ ರಕ್ಷಣಾ ಕಣಗಳು ಗುಂಪುಗೂಡಿ ಸಣ್ಣ ಸಣ್ಣ ಗಂಟುಗಳಾಗುತ್ತವೆ. ಯಾಕೆಂದು ವೈದ್ಯರಿಗೂ ಪೂರ್ತಿ ತಿಳಿದಿಲ್ಲ. 1899ರಲ್ಲಿ ನಾರ್ವೆಯ ಚರ್ಮವೈದ್ಯ ಸೀಸರ್ ಬೋಕ್ ಬಳಸಿದ ಪದದಿಂದ ಈ ಹೆಸರು ಬಂತು. ಹೆಸರು ಕೇಳಿ ಹೆದರಬೇಡಿ, ಇದು ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ.

ತೊಡಕಿರುವುದು ಗುರುತಿಸುವುದರಲ್ಲಿ. ಕ್ಷಯರೋಗದಲ್ಲೂ ಇಂಥದೇ ಗಂಟುಗಳು ಏಳುತ್ತವೆ, ನಮ್ಮ ದೇಶದಲ್ಲಿ ಕ್ಷಯವೇನೂ ಅಪರೂಪವಲ್ಲ. ಸಾರ್ಕಾಯ್ಡೋಸಿಸ್‌ಗೆ ಕೊಡುವ ಸ್ಟೆರಾಯ್ಡ್ ಮಾತ್ರೆ ಕ್ಷಯವನ್ನು ಕೆರಳಿಸಬಹುದು. ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್ ಕೂಡ ಇದೇ ಗ್ರಂಥಿಯಲ್ಲಿ ಊತವಾಗಿ ಕಾಣಿಸಿಕೊಳ್ಳುತ್ತದೆ. ಸ್ಟೆರಾಯ್ಡ್ ನುಂಗಿದರೆ ಅದೂ ತಾತ್ಕಾಲಿಕವಾಗಿ ಕುಗ್ಗಿ, ವಾಸಿಯಾಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಆದ್ದರಿಂದ ಮೊದಲು ಸ್ಕ್ಯಾನ್, ಆಮೇಲೆ ಊತದ ಚೂರು ತೆಗೆದು ಬಯಾಪ್ಸಿ. ಎದೆಯ ಎಕ್ಸ್‌ರೇ, ರಕ್ತದ ಎಸಿಇ ಪರೀಕ್ಷೆಯೂ ಬೇಕು. ಆದರೆ ಎಸಿಇ ಸರಿಯಿದ್ದ ಮಾತ್ರಕ್ಕೆ ರೋಗವಿಲ್ಲ ಎನ್ನುವಂತಿಲ್ಲ. ಬಯಾಪ್ಸಿ ಎಂದೊಡನೆ ಮನೆಯವರು ಬೇಡವೆನ್ನುವುದುಂಟು. 'ಕ್ಷಯ ಅಲ್ಲವೆಂದು ಖಾತ್ರಿಯಾಯಿತೇ?' ಎಂದು ವೈದ್ಯರನ್ನು ನೀವೇ ಕೇಳಿ.

ರೋಗ ಖಚಿತವಾದರೆ ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಮಾತ್ರೆ ಕೊಟ್ಟು, ನಿಧಾನವಾಗಿ ಇಳಿಸುತ್ತಾರೆ. ಊತ ಇಳಿಯಿತೆಂದು ನಾವಾಗಿಯೇ ತಟ್ಟನೆ ನಿಲ್ಲಿಸುವುದು ಅಪಾಯ. ರಂಜಾನ್ ಹತ್ತಿರವಿದ್ದರೆ ಉಪವಾಸದ ಬಗ್ಗೆ ಮೊದಲೇ ವೈದ್ಯರಲ್ಲಿ ಕೇಳಿ. ರೋಗಿಗೆ ವಿನಾಯಿತಿ ಇದ್ದೇ ಇದೆಯಲ್ಲ. ಸಕ್ಕರೆ, ರಕ್ತದೊತ್ತಡ ಆಗಾಗ ನೋಡಿಸಿಕೊಳ್ಳಬೇಕು. ಸ್ಟೆರಾಯ್ಡ್ ಸಾಲದಿದ್ದರೆ ಮೆಥೊಟ್ರೆಕ್ಸೇಟ್ ಕೊಡುತ್ತಾರೆ. ಅದು ವಾರಕ್ಕೆ ಒಂದೇ ದಿನ, ದಿನವೂ ಅಲ್ಲ. ಗರ್ಭಿಣಿಯರಿಗೆ ಸಲ್ಲದು. ಇನ್ನೊಂದು ಮಾತು, ಈ ಕಾಯಿಲೆಯಲ್ಲಿ ರಕ್ತದ ಕ್ಯಾಲ್ಸಿಯಂ ಏರಬಹುದು, ಆದ್ದರಿಂದ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನು ಕೇಳದೆ ನುಂಗಬೇಡಿ.

ದೃಷ್ಟಿ ಮಂಜಾದರೆ, ಬಣ್ಣಗಳು ಮಾಸಿದಂತೆ ಕಂಡರೆ, ಒಂದು ವಸ್ತು ಎರಡಾಗಿ ಕಂಡರೆ ಅಂದೇ ಕಣ್ಣಿನ ಆಸ್ಪತ್ರೆಗೆ ಹೋಗಿ.