ಉಸುಕಿನ ಲೆಕ್ಕ ಕೇಳುವವರು ಯಾರು?

ಬಾದಾಮಿಯ ಮೂರನೇ ಗುಹೆಯ ವಿಷ್ಣುವನ್ನು ನೋಡಿ ಮುಗಿಸಿದವರು ಹೊರಗೆ ಬಂದು ಬರೀ ಬಂಡೆಯನ್ನೂ ಒಮ್ಮೆ ನೋಡಬೇಕು. ಮಂಗಳೇಶ ಆ ಗುಹೆ ಕೊರೆಸಿದ್ದು 578ರಲ್ಲಿ. ಬಂಡೆಯ ಮೇಲಿನ ಗೆರೆಗಳು ಅದಕ್ಕಿಂತ ಕೋಟ್ಯಂತರ ವರ್ಷ ಹಳೆಯವು. ದಪ್ಪ ಪದರುಗಳು ಅಡ್ಡಕ್ಕೆ ಮಲಗಿವೆ. ಅವುಗಳೊಳಗೆ ಸಣ್ಣ ಪದರುಗಳು ಓರೆಯಾಗಿ ಇಳಿದಿವೆ. ಒಂದೊಂದು ಓರೆಗೆರೆಯೂ ಒಂದಾನೊಂದು ಕಾಲದ ಉಸುಕಿನ ದಿಬ್ಬದ ಇಳಿಜಾರು.

ನಾನು ನವನಗರದಲ್ಲಿರುವ ಸಿವಿಲ್ ಎಂಜಿನಿಯರ್. ಉಸುಕನ್ನು ಬ್ರಾಸ್ ಲೆಕ್ಕದಲ್ಲಿ ಅಳೆದೇ ಹೊಟ್ಟೆ ಹೊರೆದವ. ಜತೆಗಿದ್ದ ಗೌಂಡಿ ಆ ಗೆರೆ ಸವರಿ, ‘ಇಲ್ಲಿ ಮರುಭೂಮಿ ಇತ್ತೇನ್ರೀ ಸಾಹೇಬ್ರ?’ ಅಂದ. ಇದು ಬಹುಪಾಲು ಹೊಳೆ ತಂದ ಉಸುಕು ಎಂದೆ. ಆಗ ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ದಂಡೆ ಹಿಡಿದಿಡುವ ಬೇರಿಲ್ಲದೆ ಹೊಳೆಗಳು ಹತ್ತಾರು ಸೀಳಾಗಿ ಹರಡಿ ಹರಿಯುತ್ತಿದ್ದವು.

ಆದರೂ ಅವನ ಪ್ರಶ್ನೆ ಪೆದ್ದು ಪ್ರಶ್ನೆಯಲ್ಲ. ನೀರಾಗಲಿ ಗಾಳಿಯಾಗಲಿ, ದಿಬ್ಬ ಕಟ್ಟುವ ರೀತಿ ಹೆಚ್ಚುಕಡಿಮೆ ಒಂದೇ. ಕಾಳು ಹಿಂಬದಿಯ ಸಣ್ಣ ಏರನ್ನು ಹತ್ತಿ, ನೆತ್ತಿ ದಾಟಿ ಮುಂದಕ್ಕೆ ಉರುಳುತ್ತದೆ. ಕಣದಲ್ಲಿ ಜೋಳದ ರಾಶಿಗೆ ಎಷ್ಟು ಸುರಿದರೂ ಅದು ಒಂದು ಮಟ್ಟಕ್ಕಿಂತ ಕಡಿದಾಗದೆ ಜಾರುತ್ತದಲ್ಲ, ಹಾಗೆ ಒಣ ಉಸುಕಿನ ಜಾರುಮುಖವೂ ಸುಮಾರು 32ರಿಂದ 34 ಡಿಗ್ರಿಗೆ ನಿಲ್ಲುತ್ತದೆ.

ಲಿಬಿಯಾದ ಮರುಭೂಮಿಯಲ್ಲಿ ಮೋಟಾರು ಓಡಿಸಿಕೊಂಡು ತಿರುಗಿದ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ ಈ ವಿದ್ಯೆಯನ್ನು ಲೆಕ್ಕಕ್ಕೆ ತಂದವನು; ಅವನ ಪುಸ್ತಕ ಬಂದದ್ದು 1941ರಲ್ಲಿ. ಗಾಳಿಯ ವೇಗ ಇಮ್ಮಡಿಯಾದರೆ ಅದು ಸಾಗಿಸುವ ಉಸುಕು ಸುಮಾರು ಎಂಟು ಪಟ್ಟಾಗುತ್ತದೆ. ಗಾಳಿ ಒಂದೇ ದಿಕ್ಕಿನದಾಗಿ ಉಸುಕು ಕಡಿಮೆಯಿದ್ದರೆ ಗಾಳಿ ಹೋಗುವ ಕಡೆಗೆ ಕೊಂಬು ಚಾಚಿದ ಅರ್ಧಚಂದ್ರದ ದಿಬ್ಬಗಳು ಬಿಡಿಬಿಡಿಯಾಗಿ ಏಳುತ್ತವೆ. ಅದೇ ಗಾಳಿಗೆ ಉಸುಕು ಧಾರಾಳವಾಗಿ ಸಿಕ್ಕರೆ ಅವೆಲ್ಲ ಕೂಡಿ ಗಾಳಿಗೆ ಅಡ್ಡಲಾಗಿ ಉದ್ದುದ್ದ ಏರಿಗಳಾಗುತ್ತವೆ. ಎರಡು ದಿಕ್ಕಿನ ಗಾಳಿಗೆ ನೀಳ ದಿಬ್ಬ, ಹಲವು ದಿಕ್ಕಿನದಕ್ಕೆ ನಕ್ಷತ್ರದ ದಿಬ್ಬ. ಗಿಡಗಂಟಿ ಕಾಲು ಹಿಡಿದುಕೊಂಡರೆ ಕೊಂಬುಗಳೇ ತಿರುಗಿ ಗಾಳಿ ಬರುವ ಕಡೆ ಚಾಚುತ್ತವೆ. ರಾಜಸ್ಥಾನದ ಥಾರ್‌ನಲ್ಲಿ ಇಂಥವು ಬೇಕಾದಷ್ಟಿವೆ.

ನಾವು ಮಾತ್ರ ಎಲ್ಲವನ್ನೂ ಗಾಳಿಯ ಮೇಲೋ ಶಾಪದ ಮೇಲೋ ಹಾಕಿ ಕೈತೊಳೆದುಕೊಳ್ಳುತ್ತೇವೆ. ತಲಕಾಡು ಉಸುಕಿನಲ್ಲಿ ಮುಳುಗಿದ್ದು ಅಲಮೇಲಮ್ಮನ ಶಾಪದಿಂದ ಎನ್ನುತ್ತಾರೆ. ಅಲ್ಲಿ ಕಾವೇರಿ ತಿರುವು ತೆಗೆದುಕೊಳ್ಳುತ್ತದೆ. 14ನೇ ಶತಮಾನದಲ್ಲಿ ಮೇಲ್ಗಡೆ ಮಾಧವಮಂತ್ರಿ ಅಣೆಕಟ್ಟೆ ಎದ್ದ ಮೇಲೆ ಕೆಳಗಿನ ಪಾತ್ರದಲ್ಲಿ ನೀರು ತಗ್ಗಿ ಉಸುಕು ಬಯಲಿಗೆ ಬಿತ್ತು, ಅದನ್ನು ಗಾಳಿ ದಂಡೆಗೆ ಎತ್ತಿ ಹಾಕಿತು ಎಂಬುದು ಭೂವಿಜ್ಞಾನಿಗಳು ಕೊಡುವ ವಿವರಣೆಗಳಲ್ಲೊಂದು. ನನಗಂತೂ ಅದೇ ಸರಿ ಅನಿಸುತ್ತದೆ. ಗಾಳಿ ಮೊದಲೂ ಬೀಸುತ್ತಿತ್ತು. ಹೊಸದಾಗಿ ಸಿಕ್ಕಿದ್ದು ಉಸುಕು.

ನಮ್ಮ ಮಲಪ್ರಭಾ ಹೊಳೆಯ ಕಥೆ ಇದರ ಉಲ್ಟಾ. ನವಿಲುತೀರ್ಥದಲ್ಲಿ ಅಣೆಕಟ್ಟು ಬಂದ ಮೇಲೆ ಮೇಲಿನಿಂದ ಬರುವ ದಪ್ಪ ಉಸುಕು ಜಲಾಶಯದಲ್ಲೇ ಕೂರುತ್ತದೆ. ಕೆಳಗೆ ಪಟ್ಟದಕಲ್ಲು, ಐಹೊಳೆ ದಾಟಿ ಹುನಗುಂದ ತಾಲ್ಲೂಕಿನ ಕೂಡಲಸಂಗಮದವರೆಗೆ ನಾವು ತೆಗೆಯುವುದು ಬಹುಮಟ್ಟಿಗೆ ಹಳೆಯ ಗಂಟು. ಬರುವುದು ಕಡಿಮೆ, ಹೋಗುವುದು ಟಿಪ್ಪರ್‌ಗಟ್ಟಲೆ.

ಸೈಟಿಗೆ ಬಂದ ಲೋಡನ್ನು ನೋಡಿದರೇ ಇದು ಗೊತ್ತಾಗುತ್ತದೆ. ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಅಂಗೈಗೆ ಮಣ್ಣು ಮೆತ್ತಬಾರದು. ಅನುಮಾನ ಬಂದರೆ ಅಳತೆಯ ಗಾಜಿನ ಜಾಡಿಗೆ ಉಪ್ಪುನೀರು, ಉಸುಕು ಹಾಕಿ ಕುಲುಕಿ ಮೂರು ತಾಸು ಬಿಡುತ್ತೇವೆ. ಮೇಲೆ ಕೂತ ರೇವೆ ಶೇ 8 ದಾಟಿದರೆ ಗಾಡಿ ವಾಪಸ್. ಹೊಳೆಯ ಉಸುಕು ತೀರುತ್ತ ಬಂದಂತೆ ದಂಡೆಯ ಮಣ್ಣು ಕೆರೆದು ತುಂಬುತ್ತಾರೆ. ವಾಪಸ್ ಕಳಿಸಿದ್ದಕ್ಕೆ ಬೈಸಿಕೊಂಡದ್ದೂ ಉಂಟು. ಈಗ ಇಳಕಲ್ ಕಡೆ ಕಲ್ಲು ಪುಡಿಮಾಡಿದ ಎಂ-ಸ್ಯಾಂಡೇ ಗತಿ. ಮರುಭೂಮಿಯಿಂದ ತರಿಸಿದರಾಯಿತು ಎನ್ನುವವರಿಗೊಂದು ಮಾತು: ಗಾಳಿಯಲ್ಲಿ ಉಜ್ಜಿ ಉಜ್ಜಿ ಗುಂಡಗಾದ ಆ ಸಣ್ಣ ಕಾಳು ಕಾಂಕ್ರೀಟಿಗೆ ಸಾಮಾನ್ಯವಾಗಿ ಒಗ್ಗುವುದಿಲ್ಲ. ಇಷ್ಟು ಹೊಳೆಗಳ ಕರ್ನಾಟಕ 2018ರ ಸುಮಾರಿಗೆ ಮಲೇಷ್ಯಾದ ಉಸುಕನ್ನು ಚೀಲದಲ್ಲಿ ತುಂಬಿ ಮಾರಿದ್ದನ್ನು ಇಷ್ಟು ಬೇಗ ಮರೆತೆವೇ?

ಆಲಮಟ್ಟಿಯಲ್ಲಿ ನೀರು ಎಷ್ಟು ಮೀಟರ್ ಅಂತ ದಿನಾ ಪೇಪರಿನಲ್ಲಿ ಓದುತ್ತೇವೆ. ಹೊಳೆಗೆ ಈ ವರ್ಷ ಉಸುಕು ಎಷ್ಟು ಬಂತು ಅಂತ ಎಲ್ಲಾದರೂ ಓದಿದ್ದೀರಾ? ಗಣಿಗಾರಿಕೆ ನಡೆಯುವ ಹೊಳೆಯಲ್ಲಿ ಉಸುಕು ಎಷ್ಟು ಮರುಭರ್ತಿಯಾಯಿತು ಎಂಬ ಅಧ್ಯಯನ ಬೇಕೆಂದು ಕೇಂದ್ರದ 2020ರ ಮಾರ್ಗಸೂಚಿಯೇ ಹೇಳುತ್ತದೆ. ಹಾಗಾದರೆ ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪಾತ್ರದ ಮಟ್ಟ ಅಳೆಯಲಿ. ಆ ಎರಡು ಅಂಕಿಗಳನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಲಿ. ಉಸುಕಿನ ಬ್ಲಾಕ್ ಹರಾಜು ಅದಾದ ಮೇಲೆ ಆಗಲಿ.