ಎಂಟು ಹಾಕಿದರೆ ಸಾಕೇ?

ಗೆಳೆಯರೇ, ನಿಮಗೆ ಬೈಕ್ ಕಲಿಸಿದವರು ಯಾರು? ಅಣ್ಣ, ಕಾಕಾ ಇಲ್ಲವೇ ಗೆಳೆಯ ಎಂಬುದೇ ನಮ್ಮಲ್ಲಿ ಬಹುತೇಕರ ಉತ್ತರ. ಎಷ್ಟು ದಿನ ಕಲಿಸಿದರು ಎಂದು ಕೇಳಿದರೆ ನಾವೇ ನಕ್ಕುಬಿಡುತ್ತೇವೆ.

ಬೀದರ್ ಮತ್ತು ಭಾಲ್ಕಿ ನಡುವಿನ ಹಲಬರ್ಗಾ ನಮ್ಮೂರು. ನನಗೆ ಗಾಡಿ ಕಲಿಸಿದ್ದು ನಮ್ಮ ಕಾಕಾ. ಹೊಲದ ದಾರಿಯಲ್ಲಿ ಎರಡು ದಿನ ಹಿಂದೆ ಕುಳಿತು, ‘ಕ್ಲಚ್ ಸಾವಕಾಶ ಬಿಡು ತಮ್ಮಾ, ಹೆದರಬ್ಯಾಡ’ ಎಂದರು. ಮೂರನೇ ದಿನ ಕೀಲಿ ನನ್ನ ಕೈಗೆ ಬಂತು, ಪಾಠ ಮುಗಿಯಿತು. ಹದಿನೆಂಟು ತುಂಬಿದಾಗ ಎಲ್‌ಎಲ್ ಮಾಡಿಸಿದೆ. ಅದನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡ ಮೇಲೆ ಪೊಲೀಸರ ಭಯವೂ ಹೋಯಿತು.

ಅದೇ ಚಳಿಗಾಲದ ಒಂದು ರಾತ್ರಿ ಮದುವೆ ಊಟ ಮುಗಿಸಿ, ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಊರಿಗೆ ಬರುತ್ತಿದ್ದೆ. ಇಬ್ಬರಿಗೂ ಹೆಲ್ಮೆಟ್ ಇರಲಿಲ್ಲ. ಎದುರು ಬಂದ ಲಾರಿಯ ಬೆಳಕು ಕಣ್ಣಿಗೆ ಹೊಡೆಯಿತು. ಲಾರಿ ದಾಟಿದ ಮೇಲೆ ನೋಡಿದರೆ ಕಬ್ಬಿನ ಟ್ರ್ಯಾಲಿಯೊಂದು ಮುಂದೆಯೇ ನಿಂತಿತ್ತು. ಅದಕ್ಕೆ ರಿಫ್ಲೆಕ್ಟರ್ ಇರಲಿಲ್ಲ. ಗಾಬರಿಯಲ್ಲಿ ಬ್ರೇಕ್ ಒತ್ತಿದೆ, ಗಾಡಿ ಜಾರಿತು. ನನ್ನ ಮೊಣಕೈ ತರಚಿತು, ಗೆಳೆಯನ ಕಾಲು ಮುರಿಯಿತು. ಆ ಸಲದ ಸೆಮಿಸ್ಟರ್ ಪರೀಕ್ಷೆ ಬರೆಯಲು ಅವನಿಂದ ಆಗಲಿಲ್ಲ. ಇವತ್ತಿಗೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾನೆ.

ತಪ್ಪು ಟ್ರ್ಯಾಲಿಯವನದು ಎಂದು ಎಲ್ಲರೂ ಹೇಳಿದರು. ಅದು ನಿಜ, ಆದರೆ ಪೂರ್ತಿ ನಿಜ ಅಲ್ಲ. ಆಮೇಲೆ ನಾನು ನಿಯಮ ತೆಗೆದು ಓದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ ಮೂರನೇ ನಿಯಮದ ಪ್ರಕಾರ, ಕಲಿಯುವವನ ಜೊತೆ ಲೈಸೆನ್ಸ್ ಇರುವ ತರಬೇತುದಾರ ಇರಬೇಕು. ವಾಹನವನ್ನು ನಿಲ್ಲಿಸಲು ಆಗುವಂಥ ಜಾಗದಲ್ಲಿ ಅವನು ಕುಳಿತಿರಬೇಕು. ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರ ಇರಬೇಕು. ಬೈಕಿನಲ್ಲಿ ತರಬೇತುದಾರನ ಹೊರತು ಬೇರೆ ಯಾರನ್ನೂ ಕೂರಿಸುವಂತಿಲ್ಲ. ಅಂದರೆ ಆ ರಾತ್ರಿ ನನ್ನ ಗೆಳೆಯ ನನ್ನ ಹಿಂದೆ ಕೂರಲೇಬಾರದಿತ್ತು. ಇದು ನನಗೆ ಗೊತ್ತಿರಲಿಲ್ಲ. ಎಲ್‌ಎಲ್ ಎಂದರೆ ಸಣ್ಣ ಲೈಸೆನ್ಸ್ ಎಂದೇ ತಿಳಿದಿದ್ದೆ.

ಈ ನಿಯಮವೂ ಕಾರಿಗೆ ಒಪ್ಪುವಷ್ಟು ಬೈಕಿಗೆ ಒಪ್ಪುವುದಿಲ್ಲ. ಕಾರಿನಲ್ಲಿ ಪಕ್ಕ ಕುಳಿತವರ ಕಾಲಿಗೂ ಬ್ರೇಕ್ ಕೊಡಬಹುದು. ಬೈಕಿನಲ್ಲಿ ಹಿಂದೆ ಕುಳಿತ ಕಾಕಾ ಕೂಗಬಹುದು, ಅಷ್ಟೇ. ನಮ್ಮ ಕಡೆ ಡ್ರೈವಿಂಗ್ ಸ್ಕೂಲ್ ಎಂದರೆ ಕಾರು ಕಲಿಸುವ ಜಾಗ. 2021ರಲ್ಲಿ ಕೇಂದ್ರ ಸರ್ಕಾರ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಿಗೆ ನಿಯಮ ರೂಪಿಸಿತು. ಅದರಲ್ಲಿ ಕಾರಿನಂಥ ಲಘು ವಾಹನಕ್ಕೆ 29 ಗಂಟೆಗಳ ಪಾಠವಿದೆ. ಹಳ್ಳಿಯ ಹುಡುಗ ಮೊದಲು ಕಲಿಯುವುದು ಬೈಕ್. ಅವನಿಗೆ ಸಿಗುವುದು ಎರಡು ದಿನದ ಹೊಲದ ದಾರಿ.

ಎಲ್‌ಎಲ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. 30 ದಿನ ಕಳೆದರೆ ಪರೀಕ್ಷೆಗೆ ಹೋಗಬಹುದು. ಆ 30 ದಿನ ಏನು ಕಲಿತೆ ಎಂದು ಯಾರೂ ಕೇಳುವುದಿಲ್ಲ. ಕನ್ನಡಿ ನೋಡುವುದು, ಸನ್ನೆ ಕೊಡುವುದು, ಓವರ್‌ಟೇಕ್ ಮಾಡುವುದು, ತುರ್ತಾಗಿ ನಿಲ್ಲಿಸುವುದು ಹೀಗೆ ಪರೀಕ್ಷೆಯ ಪಟ್ಟಿ ನಿಯಮದಲ್ಲಿ ಉದ್ದವೇ ಇದೆ. ನಾನು ಕೊಟ್ಟ ಪರೀಕ್ಷೆ ಮಾತ್ರ ಎರಡೇ ನಿಮಿಷದ್ದು. ಕಾಲು ನೆಲಕ್ಕೆ ತಾಗಿಸದೆ ಎಂಟು ಹಾಕಿದೆ, ಪಾಸಾದೆ. ಹೆದ್ದಾರಿಯಲ್ಲಿ ಯಾರೂ ಎಂಟು ಹಾಕುವುದಿಲ್ಲ. ಅಲ್ಲಿ ಬೇಕಾದದ್ದು ನಿಲ್ಲಿಸುವ ವಿದ್ಯೆ.

ಪಿಯುಸಿಯಲ್ಲಿ ಓದಿದ ಸೂತ್ರವನ್ನೇ ಇಲ್ಲಿ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೂ 17 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ ಗಾಡಿ ನಿಲ್ಲಲು ಮತ್ತೆ ಸುಮಾರು 28 ಮೀಟರ್ ಬೇಕು. ಒಟ್ಟು 45 ಮೀಟರ್. ಅದೇ 40 ಕಿ.ಮೀ. ವೇಗದಲ್ಲಿ ಒಟ್ಟು 23 ಮೀಟರ್ ಸಾಕು. ರಾತ್ರಿ ಡಿಮ್ ಲೈಟ್‌ನಲ್ಲಿ 45 ಮೀಟರ್ ದೂರದ ಕಪ್ಪು ಟ್ರ್ಯಾಲಿ ಕಾಣುವುದೇ ಕಷ್ಟ. ಈ ಲೆಕ್ಕದಲ್ಲಿ ನನಗೆ ಅಂಕ ಬಂದಿತ್ತು. ಅದು ರಸ್ತೆಯ ಲೆಕ್ಕ ಎಂದು ಮಾತ್ರ ಹೊಳೆದಿರಲಿಲ್ಲ.

ಇದು ನನ್ನೊಬ್ಬನ ಕಥೆಯಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಮೂರನೇ ಎರಡರಷ್ಟು ಜನ 18ರಿಂದ 45 ವರ್ಷದವರು. ಶೇ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50,029. ಕರ್ನಾಟಕದಲ್ಲಿ ಆ ವರ್ಷ 11,702 ಜೀವಗಳು ಹೋದವು.

ಶಿಕ್ಷೆ ಹೆಚ್ಚಿಸಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. 2019ರ ತಿದ್ದುಪಡಿಯಲ್ಲಿ ಶಿಕ್ಷೆ ಹೆಚ್ಚಿತು. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆದರೂ 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ 17ರ ಹುಡುಗನ ಕಾರಿಗೆ ಇಬ್ಬರು ಯುವ ಎಂಜಿನಿಯರ್‌ಗಳು ಬಲಿಯಾದರು. ಅವನಿಗೆ ಮೊದಲು ಜಾಮೀನು ಕೊಟ್ಟಾಗ ಹಾಕಿದ ಷರತ್ತುಗಳಲ್ಲಿ 300 ಪದಗಳ ಪ್ರಬಂಧವೂ ಒಂದು. ದೇಶವೆಲ್ಲ ಸಿಟ್ಟಾಯಿತು. ಶಿಕ್ಷೆ ಬೇಕು. ಆದರೆ ಅದು ಅಪಘಾತ ಆದಮೇಲೆ ಬರುತ್ತದೆ, ಪಾಠ ಮೊದಲೇ ಬರಬೇಕು.

ನ್ಯೂಜಿಲೆಂಡ್ 1987ರಲ್ಲೇ ಹಂತ ಹಂತದ ಲೈಸೆನ್ಸ್ ತಂದಿತು. ಅಲ್ಲಿ ಎರಡನೇ ಹಂತದಲ್ಲಿರುವವರು ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ. ನಮ್ಮ ಎಲ್‌ಎಲ್‌ಗೂ ಇಂಥ ರಾತ್ರಿಯ ಮಿತಿ ಹಾಕಿದರೆ ಖಜಾನೆಗೆ ಹೊರೆಯಿಲ್ಲ. ಇನ್ನು ಕಲಿಸುವ ಜಾಗ. ನಮ್ಮ ಜಿಲ್ಲೆಯ ಹುಮನಾಬಾದ್‌ನಲ್ಲೇ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಚಾಲಕರ ತರಬೇತಿ ಕೇಂದ್ರವಿದೆ. ಅಲ್ಲಿನ ಅನುಭವಿ ತರಬೇತುದಾರರು ತಿಂಗಳಿಗೊಂದು ದಿನ ಬೀದರ್, ಭಾಲ್ಕಿ, ಔರಾದ್ ಕಾಲೇಜುಗಳ ಮೈದಾನಕ್ಕೆ ಬಂದು ಬ್ರೇಕ್ ಹಿಡಿಯುವುದು, ತಿರುವು, ರಾತ್ರಿಯ ಓಟ ಕಲಿಸಬಾರದೇಕೆ? ಜನವರಿ ಬಂದರೆ ರಸ್ತೆ ಸುರಕ್ಷತಾ ಮಾಸವೆಂದು ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡುತ್ತೇವೆ. ಅದೇ ಒಂದು ಗಂಟೆಯಲ್ಲಿ ಹತ್ತು ಸಲ ಬ್ರೇಕ್ ಹಿಡಿದು ಕಲಿಯಬಹುದು.

ಡೆಲಿವರಿ ಕೆಲಸಕ್ಕೋ ಚಾಲಕ ಹುದ್ದೆಗೋ ಲೈಸೆನ್ಸ್ ಬೇಕೆಂದು ಅವಸರದಲ್ಲಿ ಮಾಡಿಸುವ ಗೆಳೆಯರಿಗೂ ಇದೇ ಮಾತು. ಕಾರ್ಡ್ ಬೇಗ ಬರುತ್ತದೆ, ಕೈ ಪಳಗಲು ಸಮಯ ಬೇಕು.

ಕಾಲು ಮುರಿದುಕೊಂಡ ಗೆಳೆಯನ ತಮ್ಮನಿಗೆ ಈಗ ಹದಿನೆಂಟು ತುಂಬಿದೆ, ಎಲ್‌ಎಲ್ ಬಂದಿದೆ. ‘ನೀನೇ ಕಲಿಸು’ ಎಂದು ಗೆಳೆಯ ನನಗೇ ಹೇಳಿದ. ಏನು ಹೇಳಬೇಕೋ ತಿಳಿಯಲಿಲ್ಲ, ಒಪ್ಪಿಕೊಂಡೆ. ಬರುವ ಭಾನುವಾರ ಬೆಳಿಗ್ಗೆ ಊರ ಮೈದಾನದಲ್ಲಿ ಶುರು. ಇಬ್ಬರಿಗೂ ಹೆಲ್ಮೆಟ್ ತಂದಿದ್ದೇನೆ. ಮೊದಲ ಪಾಠ ಬ್ರೇಕಿನದು.